ಏನನ್ನು ಬಿಡಬಹುದು, ಏನನ್ನು ಬಿಡಬಾರದು

ನಾನು ಓದುವ ಮೂರು ವಿಷಯಗಳ ಹೆಸರನ್ನು ಒಟ್ಟಿಗೆ ಹೇಳಿದರೆ ಜನ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಗ್ರೂಪ್‌ಗಳನ್ನು (ಒಂದಾದ ಮೇಲೊಂದು ಮಾಡಬಹುದಾದ, ಹಿಂದಕ್ಕೂ ತಿರುಗಿಸಬಹುದಾದ ಚಲನೆಗಳ ಕೂಟಗಳನ್ನು) ಆಕಾರಗಳಾಗಿ ನೋಡುವ ಗಣಿತ, ಎಲೆಕ್ಟ್ರಾನಿನಂಥ ಕಣಗಳನ್ನು ಎಲ್ಲೆಡೆ ಹರಡಿದ ಫೀಲ್ಡ್‌ಗಳ ಮೂಲಕ ವಿವರಿಸುವ ಕ್ವಾಂಟಮ್ ಫೀಲ್ಡ್ ಥಿಯರಿ, ಆಮೇಲೆ ಹಾಯಿದೋಣಿಯ ಒಡಲಿನ ಸುತ್ತ ನೀರು ಹೇಗೆ ಹರಿಯುತ್ತದೆ ಅನ್ನುವ ಲೆಕ್ಕ. ಮೊದಲ ಎರಡರ ಬಗ್ಗೆ ಯಾರಿಗೂ ತಕರಾರಿಲ್ಲ, ಗಣಿತದವರು ಭೌತಶಾಸ್ತ್ರ ಓದುವುದು ಹೊಸದೇನಲ್ಲ. ಮೂರನೆಯದು ಎಲ್ಲಿಂದ ಬಂತು, ಅದೂ ಸಮುದ್ರವೇ ಇಲ್ಲದ ಮೈಸೂರಿನಲ್ಲಿ ಕೂತು, ಅಂತ ಕೇಳುತ್ತಾರೆ. ಮಂಡ್ಯದ ನನ್ನ ಬಿಎಸ್ಸಿ ವಿದ್ಯಾರ್ಥಿಗಳೂ ಕೇಳಿದ್ದಾರೆ. ತರಗತಿಯಲ್ಲಿ ಅರ್ಧ ಗಂಟೆಯೊಳಗೆ ಇದಕ್ಕೆ ಉತ್ತರ ಹೇಳಿ ಮುಗಿಸುವುದು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೂರರಲ್ಲೂ ನನಗೆ ಕಾಣುವುದು ಒಂದೇ ಪ್ರಶ್ನೆ. ಅಳತೆ ಬದಲಾದಾಗ ಏನು ಉಳಿಯುತ್ತದೆ? ದೂರ ಹೋಗಿ ನೋಡಿದರೆ, ಅಥವಾ ದೊಡ್ಡದನ್ನು ಚಿಕ್ಕದಾಗಿ ಮಾಡಿ ನೋಡಿದರೆ, ಯಾವ ವಿವರ ಬಿಟ್ಟರೂ ಪರವಾಗಿಲ್ಲ, ಯಾವುದನ್ನು ಬಿಟ್ಟರೆ ಉತ್ತರವೇ ತಪ್ಪಾಗುತ್ತದೆ?

ನೀರಿನಿಂದಲೇ ಶುರು ಮಾಡೋಣ. ಶ್ರೀರಂಗಪಟ್ಟಣದ ಸಂಗಮದಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತಿರುತ್ತದೆ, ಅಂಬಿಗ ಬೇಕು ಅಂದರೆ ಅದನ್ನು ನಿಂತ ಜಾಗದಲ್ಲೇ ಗಿರಗಿರ ತಿರುಗಿಸಬಲ್ಲ. ದುಂಡಗಿನ ತಳ, ಕೆಳಗೆ ಏನೂ ಚಾಚಿಕೊಂಡಿಲ್ಲ, ನೀರಿಗೆ ಎಲ್ಲ ದಿಕ್ಕೂ ಒಂದೇ. ಬಂಡೆಗಳ ನಡುವೆ, ಆಳ ಕಡಿಮೆ ಇರುವ ಹೊಳೆಯಲ್ಲಿ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ. ಆದರೆ ಇದಕ್ಕೆ ಹಾಯಿ ಕಟ್ಟಿದರೆ ಗಾಳಿ ಬೀಸಿದ ಕಡೆಗೇ ಹೋಗುತ್ತದೆ, ಅಷ್ಟೇ. ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿದೋಣಿ ಬಿಡುವವರನ್ನು ನೋಡಿ. ಗಾಳಿ ಬರುವ ದಿಕ್ಕಿಗೇ, ಸ್ವಲ್ಪ ಓರೆಯಾಗಿ, ಅಂಕುಡೊಂಕಾಗಿ ಮುಂದೆ ಹೋಗುತ್ತಾರೆ. ಇದು ಸಾಧ್ಯವಾಗುವುದು ದೋಣಿಯ ಕೆಳಗೆ ನೀರಿನೊಳಗೆ ಇಳಿದಿರುವ ಒಂದು ಹಲಗೆಯಿಂದ. ದೊಡ್ಡ ದೋಣಿಗಳಲ್ಲಿ ಅದನ್ನು ಕೀಲ್ ಅನ್ನುತ್ತಾರೆ.

ಕೀಲ್ ಇರುವುದು ಸುಮ್ನೆ ಭಾರಕ್ಕೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಭಾರವೂ ಬೇಕು, ಆದರೆ ಅದರ ದೊಡ್ಡ ಕೆಲಸ ಬೇರೆ. ಗಾಳಿಗೆ ಎದುರಾಗಿ ಹೋಗುವಾಗ ಹಾಯಿ ದೋಣಿಯನ್ನು ಮುಂದಕ್ಕಿಂತ ಪಕ್ಕಕ್ಕೇ ಜಾಸ್ತಿ ತಳ್ಳುತ್ತದೆ. ದೋಣಿ ಕೆಲವೇ ಡಿಗ್ರಿಯಷ್ಟು ಓರೆಯಾಗಿ ಜಾರುತ್ತದೆ. ಆ ಸಣ್ಣ ಓರೆಯಿಂದ ಕೀಲ್ ನೀರಿನೊಳಗಿನ ರೆಕ್ಕೆಯಾಗುತ್ತದೆ. ವಿಮಾನದ ರೆಕ್ಕೆ ಮೇಲಕ್ಕೆ ಎತ್ತಿದರೆ ಕೀಲ್ ಪಕ್ಕಕ್ಕೆ ಎತ್ತುತ್ತದೆ, ಹಾಯಿಯ ತಳ್ಳಾಟಕ್ಕೆ ಸರಿಯಾಗಿ ಎದುರು ನಿಲ್ಲುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದಕ್ಕೇ ಅಷ್ಟು ದೊಡ್ಡ ಹಾಯಿಗೆ ಇಷ್ಟು ಚಿಕ್ಕ ಕೀಲ್ ಸಾಕಾಗುತ್ತದೆ.

ಈಗ ಅಳತೆಯ ವಿಷಯ. ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿಯೊಂದು ಈಜುವಾಗ ಅದರ ಹಿಂದೆ ಬಾಣದ ತುದಿಯಂತೆ ಅಲೆಗಳು ಬಿಚ್ಚಿಕೊಳ್ಳುವುದನ್ನು ನೋಡಿರುತ್ತೀರಿ. ನಡುಗೆರೆಯಿಂದ ಎರಡೂ ಬದಿಗೆ ಸುಮಾರು 19.5 ಡಿಗ್ರಿ. ಆಳವಾದ ನೀರಿನಲ್ಲಿ ಹೋಗುವ ಹಡಗಿನ ಹಿಂದೆಯೂ ಅಷ್ಟೇ. 1887ರಲ್ಲಿ ಭೌತವಿಜ್ಞಾನಿ ಕೆಲ್ವಿನ್ ಇದನ್ನು ಲೆಕ್ಕ ಹಾಕಿ ತೋರಿಸಿದ. ಆ ಕೋನದ ಸೈನ್ ಬೆಲೆ ಸರಿಯಾಗಿ ಮೂರರಲ್ಲಿ ಒಂದು. ಅದರೊಳಗೆ ಹಕ್ಕಿಯ ಉದ್ದ ಇಲ್ಲ, ವೇಗ ಇಲ್ಲ, ಗುರುತ್ವದ ಬಲವೂ ಇಲ್ಲ. ಆಳವಾದ ನೀರಿನಲ್ಲಿ ಅಲೆಗಳ ಶಕ್ತಿ ಅಲೆಯ ನೆತ್ತಿಯ ಅರ್ಧ ವೇಗದಲ್ಲಿ ಸಾಗುತ್ತದೆ, ಆ ಅರ್ಧ ಅನ್ನುವ ಒಂದೇ ಸಂಗತಿಯಿಂದ ಕೋನ ಹುಟ್ಟುತ್ತದೆ. ವೇಗ ತುಂಬಾ ಜಾಸ್ತಿಯಾದರೆ ಕಣ್ಣಿಗೆ ಕಾಣುವ ಕೋನ ಕಿರಿದಾಗುತ್ತದೆ ಅಂತ 2013ರಲ್ಲಿ ರಬೋ ಮತ್ತು ಮೊಯ್ಸಿ ಅನ್ನುವ ಇಬ್ಬರು ತೋರಿಸಿದರು. ಅಂದರೆ ಕೆಲ್ವಿನ್ನನ ಉತ್ತರಕ್ಕೂ ಒಂದು ಎಲ್ಲೆ ಇದೆ. ಆ ಎಲ್ಲೆ ಎಲ್ಲಿ ಬರುತ್ತದೆ ಅಂತ ಹೇಳುವುದು ಇನ್ನೊಬ್ಬನ ಹೆಸರಿನ ಸಂಖ್ಯೆ.

ಅವನು ವಿಲಿಯಂ ಫ್ರೂಡ್. 1810ರಲ್ಲಿ ಹುಟ್ಟಿದ ಇಂಗ್ಲಿಷ್ ಎಂಜಿನಿಯರ್. 1872ರಲ್ಲಿ ಇಂಗ್ಲೆಂಡಿನ ಟಾರ್ಕಿ ಊರಿನಲ್ಲಿ ತನ್ನ ಮನೆಯ ಹತ್ತಿರವೇ ಸುಮಾರು 85 ಮೀಟರ್ ಉದ್ದದ ತೊಟ್ಟಿ ಕಟ್ಟಿಸಿ, ಅದರಲ್ಲಿ ಹಡಗಿನ ಚಿಕ್ಕ ಮಾದರಿಗಳನ್ನು ಎಳೆದು, ನೀರು ಎಷ್ಟು ತಡೆಯುತ್ತದೆ ಅಂತ ಅಳೆದ. ಚಿಕ್ಕ ಮಾದರಿಯಿಂದ ದೊಡ್ಡ ಹಡಗಿನ ಬಗ್ಗೆ ಏನೂ ತಿಳಿಯುವುದಿಲ್ಲ ಅಂತ ಆ ಕಾಲದ ದೊಡ್ಡ ದೊಡ್ಡ ಎಂಜಿನಿಯರುಗಳೇ ನಂಬಿದ್ದರು. ಫ್ರೂಡ್ ಕಂಡುಕೊಂಡದ್ದು ಇಷ್ಟು. ಮಾದರಿಯೂ ಹಡಗೂ ಒಂದೇ ಆಕಾರದ ಅಲೆ ಎಬ್ಬಿಸಬೇಕಾದರೆ, ವೇಗವನ್ನು ಉದ್ದದ ವರ್ಗಮೂಲದಷ್ಟು ಇಳಿಸಬೇಕು. ಹದಿನಾರರಲ್ಲಿ ಒಂದು ಪಾಲಿನ ಮಾದರಿ ಆದರೆ ವೇಗ ನಾಲ್ಕರಲ್ಲಿ ಒಂದು ಪಾಲು.

ಇದರಿಂದಲೇ ಹಾಯಿದೋಣಿಗಳ ವೇಗಕ್ಕೆ ಒಂದು ಗೋಡೆ ಬರುತ್ತದೆ. ದೋಣಿ ಎಬ್ಬಿಸುವ ಅಲೆಯ ಉದ್ದ ನೀರಿನ ಮಟ್ಟದಲ್ಲಿ ದೋಣಿಯ ಉದ್ದಕ್ಕೆ ಸಮ ಆಯಿತು ಅಂದರೆ, ದೋಣಿ ತಾನೇ ಎಬ್ಬಿಸಿದ ಅಲೆಯ ಹಳ್ಳದಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿನ ಮಟ್ಟದಲ್ಲಿ 10 ಮೀಟರ್ ಉದ್ದ ಇರುವ ದೋಣಿಗೆ ಇದು ಸೆಕೆಂಡಿಗೆ ಸುಮಾರು 4 ಮೀಟರ್, ಗಂಟೆಗೆ 14 ಕಿಲೋಮೀಟರ್. ಸೈಕಲ್ ವೇಗ! ಇದನ್ನು ಮೀರಬೇಕಾದರೆ ಅಲೆಯ ಮೇಲೆ ಜಾರಬೇಕು, ಇಲ್ಲವೇ ಒಡಲನ್ನೇ ನೀರಿನಿಂದ ಮೇಲೆ ಎತ್ತಬೇಕು. ಅಮೆರಿಕಾಸ್ ಕಪ್ ಅನ್ನುವ ಹಾಯಿದೋಣಿ ಪಂದ್ಯದ ಈಗಿನ ದೋಣಿಗಳು ನೀರಿನೊಳಗಿನ ರೆಕ್ಕೆಗಳ ಮೇಲೆ ನಿಂತು ಹಾಗೆಯೇ ಮಾಡುತ್ತವೆ.

ಫ್ರೂಡ್‌ನ ನಿಯಮ ನಮಗೆ ದೂರದ್ದೇನಲ್ಲ. ಕೆಆರ್‌ಎಸ್ ಪಕ್ಕದಲ್ಲೇ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಬೃಂದಾವನ ನೋಡೋಕೆ ಹೋಗುವ ಜನರಿಗೆ ಅದು ಅಲ್ಲಿರುವುದೇ ಗೊತ್ತಿಲ್ಲ. ಅಣೆಕಟ್ಟೆಗಳ ನೀರು ಹರಿವಿನ ಮಾದರಿಗಳನ್ನು ಕಟ್ಟಿ ಪರೀಕ್ಷೆ ಮಾಡುವ ಜಾಗ ಅದು. ಕೋಡಿಯ ಮೇಲೆ ನೀರು ಹೇಗೆ ಧುಮುಕುತ್ತದೆ ಅಂತ ಮಾದರಿಯಲ್ಲಿ ನೋಡುವಾಗ ಎಂಜಿನಿಯರುಗಳು ಎಲ್ಲೆಲ್ಲೂ ಬಳಸುವುದು ಫ್ರೂಡ್ ನಿಯಮವನ್ನೇ. 25ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಕಾಲವೂ ಕುಗ್ಗುತ್ತದೆ. ಅಲ್ಲಿನ ಒಂದು ಗಂಟೆ ನಿಜದ ಅಣೆಕಟ್ಟಿನಲ್ಲಿ ಐದು ಗಂಟೆ. ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಮಂಡ್ಯ ಜಿಲ್ಲೆಯ ಪ್ರತಿ ವಿಜ್ಞಾನದ ವಿದ್ಯಾರ್ಥಿಯೂ ಇಂಥ ಮಾದರಿಯೊಂದನ್ನು ಕಣ್ಣಾರೆ ನೋಡುವ ಹಾಗೆ ಮಾಡುತ್ತಿದ್ದೆ.

ಆದರೆ ಇಲ್ಲೊಂದು ಕಷ್ಟ ಇದೆ, ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ್ದೂ ಅದೇ. ನೀರಿನ ತಡೆಯಲ್ಲಿ ಎರಡು ಭಾಗ. ಒಂದು ಅಲೆ ಎಬ್ಬಿಸುವ ಖರ್ಚು, ಇನ್ನೊಂದು ಒಡಲಿಗೆ ನೀರು ಉಜ್ಜುವ ಖರ್ಚು. ಅಲೆ ಸರಿಹೋಗಬೇಕಾದರೆ ಹದಿನಾರನೇ ಒಂದು ಪಾಲಿನ ಮಾದರಿಯನ್ನು ನಾಲ್ಕು ಪಟ್ಟು ನಿಧಾನವಾಗಿ ಎಳೆಯಬೇಕು. ಉಜ್ಜಾಟ ಸರಿಹೋಗಬೇಕಾದರೆ ಹದಿನಾರು ಪಟ್ಟು ಜೋರಾಗಿ ಎಳೆಯಬೇಕು! ಎರಡೂ ಒಟ್ಟಿಗೆ ಆಗಲ್ಲ. 64 ಪಟ್ಟಿನ ಅಂತರ. ನೀರಿನ ಬದಲು ಬೇರೆ ದ್ರವ ಹಾಕಿಯೂ ಈ ಅಂತರ ತುಂಬುವುದಿಲ್ಲ. ಫ್ರೂಡ್ ಏನು ಮಾಡಿದ ಅಂದರೆ, ಬೇರೆ ಬೇರೆ ಉದ್ದದ, ಬೇರೆ ಬೇರೆ ಮೈಯ ಹಲಗೆಗಳನ್ನು ನೀರಿನಲ್ಲಿ ಎಳೆದು, ಬರೀ ಉಜ್ಜಾಟ ಎಷ್ಟು ಅಂತ ಬೇರೆಯಾಗಿ ಅಳೆದ. ಮಾದರಿಯ ಒಟ್ಟು ತಡೆಯಿಂದ ಅದನ್ನು ಕಳೆದ. ಉಳಿದದ್ದನ್ನು ಮಾತ್ರ ಫ್ರೂಡ್ ನಿಯಮದಿಂದ ದೊಡ್ಡದು ಮಾಡಿ, ಕೊನೆಗೆ ನಿಜವಾದ ಹಡಗಿನ ಉಜ್ಜಾಟವನ್ನು ಕೂಡಿಸಿದ. 1871ರಲ್ಲಿ ಗ್ರೇಹೌಂಡ್ ಅನ್ನುವ ನಿಜವಾದ ಯುದ್ಧನೌಕೆಯನ್ನೇ ಇನ್ನೊಂದು ಹಡಗಿಗೆ ಕಟ್ಟಿ ಎಳೆಸಿ ಅಳತೆ ತೆಗೆದಿದ್ದ. ಮಾದರಿಯ ಲೆಕ್ಕ ಅದಕ್ಕೆ ಚೆನ್ನಾಗಿ ತಾಳೆಯಾಯಿತು. ಫ್ರೂಡ್ ನಿಯಮದಂತೆ ಹಿಗ್ಗುವ ಭಾಗವನ್ನೂ ಹಾಗೆ ಹಿಗ್ಗದ ಭಾಗವನ್ನೂ ಬೇರೆ ಮಾಡುವುದು, ಇದು ನನ್ನ ಪ್ರಕಾರ ಆ ಶತಮಾನದ ದೊಡ್ಡ ಯೋಚನೆಗಳಲ್ಲೊಂದು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಸೂತ್ರದಷ್ಟು ಜಾಗ ಕೊಟ್ಟಿರುತ್ತಾರೆ, ಅಷ್ಟೇ.

ಬೇರೆ ಮಾಡುವಾಗ ಎಡವಿದರೆ ಏನಾಗುತ್ತದೆ ಅನ್ನುವುದಕ್ಕೆ ಹಾಯಿದೋಣಿಗಳ ಚರಿತ್ರೆಯಲ್ಲಿ ಒಳ್ಳೆಯ ಉದಾಹರಣೆ ಇದೆ. 1974ರ ಅಮೆರಿಕಾಸ್ ಕಪ್‌ಗೆ ಅಂತ ಮ್ಯಾರಿನರ್ ಅನ್ನುವ ದೋಣಿ ಮಾಡಿದರು. ಹಿಂಬದಿಯ ಒಡಲು ಮೆಟ್ಟಿಲಿನ ಹಾಗೆ ತಟ್ಟನೆ ಕತ್ತರಿಸಿಕೊಂಡಿತ್ತು. ತೊಟ್ಟಿಯಲ್ಲಿ ಚಿಕ್ಕ ಮಾದರಿ ಚೆನ್ನಾಗಿ ಓಡಿತು. ನಿಜವಾದ ದೋಣಿ ಓಡಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾ 2 ಬಂತು. ಅದರ ವಿನ್ಯಾಸಕಾರ ಬೆನ್ ಲೆಕ್ಸೆನ್. ಅವರು ನೆದರ್ಲೆಂಡ್ಸ್‌ನ ತೊಟ್ಟಿಯಲ್ಲಿ ಮೂರರಲ್ಲಿ ಒಂದು ಪಾಲಿನ ದೊಡ್ಡ ಮಾದರಿಗಳನ್ನು ಎಳೆಸಿದರು. ಆಗ ಆ 64 ಪಟ್ಟಿನ ಅಂತರ ಐದು ಪಟ್ಟಿಗೆ ಇಳಿಯುತ್ತದೆ. ಕೀಲ್‌ನ ತುದಿಗೆ ರೆಕ್ಕೆಗಳಿದ್ದ ಆ ದೋಣಿ 4-3ರಿಂದ ಗೆದ್ದಿತು. 132 ವರ್ಷ ನ್ಯೂಯಾರ್ಕ್‌ನಲ್ಲೇ ಇದ್ದ ಕಪ್ ಮೊದಲ ಸಲ ಹೊರಗೆ ಹೋಯಿತು.

ಇಲ್ಲಿಂದ ಕ್ವಾಂಟಮ್ ಫೀಲ್ಡ್ ಥಿಯರಿಗೆ ಒಂದೇ ಹೆಜ್ಜೆ. ಟೇಬಲ್ ಟೆನಿಸ್ ಚೆಂಡನ್ನು ಬಕೆಟ್ ನೀರಿನೊಳಗೆ ಒತ್ತಿ ಹಿಡಿದು ಬಿಡಿ. ಚೆಂಡಿನ ತೂಕ 2.7 ಗ್ರಾಂ. ಅದು ಪಕ್ಕಕ್ಕೆ ಸರಿಸುವ ನೀರು ಸುಮಾರು 33.5 ಗ್ರಾಂ. ಕಾಲೇಜಿನಲ್ಲಿ ಕಲಿತ ಹಾಗೆ ಲೆಕ್ಕ ಹಾಕಿದರೆ, ಬಿಟ್ಟ ಕೂಡಲೇ ಚೆಂಡು ಗುರುತ್ವದ 11 ಪಟ್ಟು ವೇಗೋತ್ಕರ್ಷದಲ್ಲಿ ಮೇಲೆ ಚಿಮ್ಮಬೇಕು. ಚಿಮ್ಮುವುದಿಲ್ಲ. ಎರಡು ಪಟ್ಟೂ ಇರುವುದಿಲ್ಲ. ಯಾಕೆಂದರೆ ಚೆಂಡು ಅಲುಗಬೇಕಾದರೆ ಸುತ್ತಲಿನ ನೀರೂ ಅಲುಗಬೇಕು. ಚೆಂಡಿಗೆ ಆ ನೀರಿನ ಭಾರವೂ ಅಂಟಿಕೊಳ್ಳುತ್ತದೆ. ದುಂಡಗಿನ ವಸ್ತುವಿಗೆ ಅಂಟುವುದು ಅದು ಸರಿಸಿದ ನೀರಿನ ಸರಿಯಾಗಿ ಅರ್ಧ, ಅಂದರೆ ಇಲ್ಲಿ ಸುಮಾರು 17 ಗ್ರಾಂ. 2.7 ಗ್ರಾಂ ಚೆಂಡು ಸುಮಾರು 19.5 ಗ್ರಾಂ ಚೆಂಡಿನ ಹಾಗೆ ನಡೆದುಕೊಳ್ಳುತ್ತದೆ. 1833ರಲ್ಲಿ ಜಾರ್ಜ್ ಗ್ರೀನ್ ಇದನ್ನು ಲೋಲಕಗಳಿಗಾಗಿ ಲೆಕ್ಕ ಹಾಕಿದ್ದ. ಹಾಯಿದೋಣಿ ಅಲೆಯ ಮೇಲೆ ಏಳುವಾಗ ಬೀಳುವಾಗಲೂ ಈ ಅಂಟಿದ ಭಾರವನ್ನು ಸೇರಿಸದೆ ಲೆಕ್ಕ ನಡೆಯುವುದಿಲ್ಲ.

ಈಗ ಎಲೆಕ್ಟ್ರಾನ್ ಬಗ್ಗೆ ಯೋಚಿಸಿ. ಅದೂ ಹೀಗೆಯೇ ತನ್ನ ಫೀಲ್ಡ್‌ನಲ್ಲಿ ಮುಳುಗಿದೆ. ಚೆಂಡನ್ನು ಬಕೆಟ್‌ನಿಂದ ಹೊರಗೆ ತೆಗೆದು ತಕ್ಕಡಿಯಲ್ಲಿ ತೂಗಬಹುದು, ಎಲೆಕ್ಟ್ರಾನನ್ನು ಅದರ ಫೀಲ್ಡ್‌ನಿಂದ ಹೊರಗೆ ತೆಗೆಯುವ ದಾರಿಯೇ ಇಲ್ಲ. ನಾವು ಅಳೆಯುವ ತೂಕದಲ್ಲಿ ಅಂಟಿದ ಭಾರ ಸೇರಿಯೇ ಇರುತ್ತದೆ. ಆ ಅಂಟಿದ ಭಾರವನ್ನು ಲೆಕ್ಕ ಹಾಕಲು ಹೋದರೆ ಅನಂತ ಬಂದು ನಿಲ್ಲುತ್ತಿತ್ತು. 1947ರಲ್ಲಿ ಲ್ಯಾಂಬ್ ಮತ್ತು ರೆದರ್ಫರ್ಡ್ ಹೈಡ್ರೋಜನ್‌ ಪರಮಾಣುವಿನ ಎರಡು ಶಕ್ತಿ ಮಟ್ಟಗಳ ನಡುವೆ ಸುಮಾರು 1000 ಮೆಗಾಹರ್ಟ್ಸ್ ಅಂತರ ಇದೆ ಅಂತ ಅಳೆದು ತೋರಿಸಿದರು. (ಈ ರೆದರ್ಫರ್ಡ್ ಬೇರೆ, ಪರಮಾಣುವಿನ ಬೀಜ ಕಂಡುಹಿಡಿದವನಲ್ಲ.) ಅದೇ ವರ್ಷ ಹಾನ್ಸ್ ಬೆಥೆ, ರೈಲಿನಲ್ಲಿ ಕೂತು ಅಂತ ಎಲ್ಲರೂ ಹೇಳುತ್ತಾರೆ, ಒಂದು ಲೆಕ್ಕ ಹಾಕಿದ. ಒಂಟಿ ಎಲೆಕ್ಟ್ರಾನಿಗೆ ಅಂಟಿದ ಭಾರವನ್ನು ಪರಮಾಣುವಿನೊಳಗಿನ ಎಲೆಕ್ಟ್ರಾನಿನ ಲೆಕ್ಕದಿಂದ ಕಳೆದ. ಉಳಿದದ್ದು ಸುಮಾರು 1040 ಮೆಗಾಹರ್ಟ್ಸ್. ಫ್ರೂಡ್ ಹಲಗೆಗಳನ್ನು ಎಳೆದು ಕಳೆದದ್ದಕ್ಕೂ ಇದಕ್ಕೂ ಮನಸ್ಸಿನ ಚಲನೆ ಒಂದೇ ಅಲ್ವಾ? ಗೊತ್ತಿಲ್ಲದ ಭಾಗವನ್ನು ಒಂದು ಕಡೆ ಅಳೆದು ತೆಗೆದು, ಅದನ್ನು ಇನ್ನೊಂದು ಕಡೆ ಕಳೆಯುವುದು. ಇದರ ಹೆಸರು ರೀನಾರ್ಮಲೈಸೇಶನ್. 1970ರ ಸುಮಾರಿಗೆ ಕೆನ್ನೆತ್ ವಿಲ್ಸನ್ ಇದಕ್ಕೆ ಪೂರ್ತಿ ಅರ್ಥ ಕೊಟ್ಟ. ಸಣ್ಣ ಅಳತೆಯ ವಿವರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡುತ್ತಾ ಹೋಗಿ, ಪ್ರತಿ ಮೆಟ್ಟಿಲಲ್ಲೂ ನಿಯಮದ ಸಂಖ್ಯೆಗಳು ಹೇಗೆ ಬದಲಾಗುತ್ತವೆ ನೋಡಿ ಅಂದ. 1982ರಲ್ಲಿ ಅವನಿಗೆ ನೊಬೆಲ್ ಬಂತು.

ಗ್ರೂಪ್‌ಗಳ ಗಣಿತಕ್ಕೆ ಬರೋಣ. ಬಿಎಸ್ಸಿಯಲ್ಲಿ ಗ್ರೂಪ್ ಅಂದರೆ ನಾಲ್ಕು ನಿಯಮ ಬಾಯಿಪಾಠ. ಅದನ್ನು ಒಂದು ಊರಾಗಿ ನೋಡಬಹುದು ಅಂತ ಆ ಮಕ್ಕಳಿಗೆ ಯಾರೂ ಹೇಳುವುದಿಲ್ಲ, ನನಗೆ ಅದು ನಿಜವಾಗಿಯೂ ಬೇಸರ. ಕುವೆಂಪುನಗರದಂಥ ಬಡಾವಣೆ ತಗೊಳ್ಳಿ. ಮೇನ್‌ಗಳು ಒಂದು ದಿಕ್ಕಿಗೆ, ಕ್ರಾಸ್‌ಗಳು ಇನ್ನೊಂದು ದಿಕ್ಕಿಗೆ, ಎಲ್ಲ ಕಡೆಗೂ ಕೊನೆಯಿಲ್ಲದ ಹಾಗೆ ಅಂದುಕೊಳ್ಳಿ. ಮೂರು ಕ್ರಾಸ್ ದಾಟಿ ಎರಡು ಮೇನ್ ಹೋದರೂ ಒಂದೇ, ಎರಡು ಮೇನ್ ಹೋಗಿ ಮೂರು ಕ್ರಾಸ್ ದಾಟಿದರೂ ಒಂದೇ. ಇದೇ ಪೂರ್ಣಾಂಕ ಜೋಡಿಗಳ ಗ್ರೂಪ್, ರಸ್ತೆಗಳೇ ಅದರ ಚಿತ್ರ. ಇಂಥ ಚಿತ್ರಗಳನ್ನು 1878ರಲ್ಲಿ ಕೇಲಿ ಅನ್ನುವ ಗಣಿತಜ್ಞ ತಂದ. ಚಿತ್ರವನ್ನು ತುಂಬಾ ದೂರದಿಂದ ನೋಡಿದಾಗ ಉಳಿಯುವ ಆಕಾರವೇ ಗ್ರೂಪ್‌ನ ನಿಜವಾದ ಗುಣ ಅಂತ ಗಟ್ಟಿಯಾಗಿ ಹೇಳಿದವನು ಮಿಖಾಯಿಲ್ ಗ್ರೊಮೊವ್, 1980ರ ದಶಕದಲ್ಲಿ. ಚಾಮುಂಡಿ ಬೆಟ್ಟದ ಮೇಲೆ ನಿಂತರೆ ಕ್ರಾಸು ಮೇನು ಕರಗಿ ಬಡಾವಣೆ ಬರೀ ಒಂದು ಬಯಲು. ರಸ್ತೆಯ ಮೇಲಿನ ದೂರವೂ ಕಾಗೆ ಹಾರುವ ದೂರವೂ ಬೇರೆ ನಿಜ, ಆದರೆ 2ರ ವರ್ಗಮೂಲದಷ್ಟು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಎಂದೂ ಬರುವುದಿಲ್ಲ. ಅಷ್ಟು ವ್ಯತ್ಯಾಸವನ್ನು ಈ ಗಣಿತ ಧೈರ್ಯವಾಗಿ ಬಿಟ್ಟುಬಿಡುತ್ತದೆ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಅದೇ ರಸ್ತೆಗಳಲ್ಲಿ ಇಬ್ಬರು ನಡೆಯುತ್ತಾರೆ. ಒಬ್ಬರು ಗುರಿ ಇಟ್ಟುಕೊಂಡು ಹತ್ತಿರದ ದಾರಿ ಹಿಡಿಯುತ್ತಾರೆ. ಇನ್ನೊಬ್ಬರು ಪ್ರತಿ ಸರ್ಕಲ್‌ನಲ್ಲೂ ಮನಸ್ಸಿಗೆ ಬಂದ ಕಡೆ ತಿರುಗುತ್ತಾರೆ. ಮೊದಲನೆಯವರ ಲೆಕ್ಕದಲ್ಲಿ ರಸ್ತೆಗಳ ಚೌಕ ಎಷ್ಟು ದೂರ ಹೋದರೂ ಅಳಿಯುವುದಿಲ್ಲ, ಮೂಲೆಗೆ ಹೋಗುವುದು ಯಾವತ್ತೂ ದುಬಾರಿ. ಅಲೆಯುವವರ ಲೆಕ್ಕದಲ್ಲಿ ಚೌಕ ನಿಧಾನವಾಗಿ ಅಳಿಸಿಹೋಗುತ್ತದೆ. ತುಂಬಾ ಹೊತ್ತು ಬಿಟ್ಟು ಅವರು ಎಲ್ಲಿರಬಹುದು ಅಂತ ಚಿತ್ರ ಬರೆದರೆ ಅದು ಸರಿಯಾದ ದುಂಡು. ಒಂದೇ ಊರು, ಒಂದೇ ರಸ್ತೆ, ಕೇಳಿದ ಪ್ರಶ್ನೆ ಬೇರೆ, ಉಳಿಯುವ ವಿವರವೂ ಬೇರೆ. ವಿಲ್ಸನ್ 1974ರಲ್ಲಿ ಫೀಲ್ಡ್ ಥಿಯರಿಯನ್ನು ಇಂಥ ಚೌಕಳಿ ಜಾಲದ ಮೇಲೆ ಕಟ್ಟಿದ. ಅದು ಕೆಲಸ ಮಾಡುವುದಕ್ಕೆ ಕಾರಣವೂ ಇದೇ, ದೂರದಲ್ಲಿ ಜಾಲದ ಮೂಲೆಗಳು ಅಳಿಸಿಹೋಗಿ ಎಲ್ಲ ದಿಕ್ಕೂ ಸಮ ಆಗುತ್ತವೆ. ಅಲೆಯುವವರು ಹೊರಟ ಜಾಗಕ್ಕೆ ವಾಪಸ್ ಬರುತ್ತಾರಾ? ಚೌಕದ ಊರಿನಲ್ಲಿ ಖಂಡಿತ ಬರುತ್ತಾರೆ, ಮೂರು ದಿಕ್ಕಿನ ಜಾಲದಲ್ಲಿ ಸುಮಾರು ಮೂರರಲ್ಲಿ ಒಂದೇ ಪಾಲು ಸಾಧ್ಯತೆ. ಖಚಿತವಾಗಿ ವಾಪಸ್ ಬರುತ್ತಾರೋ ಇಲ್ಲವೋ ಅಂತ 1921ರಲ್ಲೇ ಪೋಲ್ಯಾ ತೋರಿಸಿದ್ದ.

ಈಗ ದೋಣಿಗೆ ವಾಪಸ್ ಬರಬಹುದು. ಕೀಲ್ ಪಕ್ಕಕ್ಕೆ ತಳ್ಳುವ ಬಲ ಎಷ್ಟು ಅಂತ ತಿಳಿಯಲು, ಅದರ ಸುತ್ತ ಒಂದು ಸುತ್ತು ಬಂದು ನೀರು ಎಷ್ಟು ಸುತ್ತುತ್ತಿದೆ ಅಂತ ಕೂಡಿಸಬೇಕು. ಹತ್ತಿರದಿಂದ ಸುತ್ತಿದರೂ ಒಂದೇ, ದೂರದಿಂದ ಸುತ್ತಿದರೂ ಒಂದೇ, ಉಜ್ಜಾಟದ ತೆಳು ಪದರವನ್ನು ಬಿಟ್ಟರೆ. ಆ ಸಂಖ್ಯೆ ಅಳತೆಗೆ ಜಗ್ಗುವುದಿಲ್ಲ. ಯಾಕೆಂದರೆ ನಡುವೆ ಕೀಲ್ ಇದೆ, ಸುತ್ತನ್ನು ಎಳೆದು ಬಿಂದು ಮಾಡುವ ಹಾಗಿಲ್ಲ. ಹಿಂದೆ ಚುಕ್ಕಾಣಿಯೂ ಇದೆ. ನೀರಿನ ಒಂದು ಪದರವನ್ನು ಅಡ್ಡ ಕತ್ತರಿಸಿ ನೋಡಿದರೆ ಅದರಲ್ಲಿ ಎರಡು ತೂತು. ಕೀಲ್ ಸುತ್ತಿ ಆಮೇಲೆ ಚುಕ್ಕಾಣಿ ಸುತ್ತುವುದು ಬೇರೆ, ಚುಕ್ಕಾಣಿ ಮೊದಲು ಸುತ್ತಿ ಆಮೇಲೆ ಕೀಲ್ ಸುತ್ತುವುದು ಬೇರೆ. ದಾರ ಕಟ್ಟಿ ಎಳೆದು ನೋಡಿದರೆ ಗೊತ್ತಾಗುತ್ತದೆ, ಒಂದರಿಂದ ಇನ್ನೊಂದನ್ನು ಮಾಡಲು ಬರುವುದಿಲ್ಲ. ಈ ಸುತ್ತುಗಳ ಗ್ರೂಪ್‌ನ ಚಿತ್ರ ಚೌಕದ ಊರಲ್ಲ. ಪ್ರತಿ ಕವಲಿನಲ್ಲೂ ನಾಲ್ಕು ದಾರಿ ಇರುವ, ಎಲ್ಲೂ ಮತ್ತೆ ಕೂಡದ ಮರ. ಅಲ್ಲಿ ಅಲೆಯುವವರಿಗೆ ಮುಂದೆ ಹೋಗಲು ಮೂರು ದಾರಿ, ಹಿಂದೆ ಬರಲು ಒಂದೇ. ಹೊರಟಲ್ಲಿಗೇ ಬಂದು ನಿಲ್ಲುವ ಸಾಧ್ಯತೆ ಹೆಜ್ಜೆ ಹೆಜ್ಜೆಗೂ ಪಟ್ಟು ಪಟ್ಟಾಗಿ ಇಳಿಯುತ್ತದೆ. ಯಾವ ಗ್ರೂಪ್‌ಗಳಲ್ಲಿ ಹೀಗಾಗುತ್ತದೆ ಅಂತ 1959ರಲ್ಲಿ ಹ್ಯಾರಿ ಕೆಸ್ಟನ್ ಪತ್ತೆ ಮಾಡಿದ.

ನೀರಿಗೆ ಈ ಮರ ಕಾಣುವುದಿಲ್ಲ. ನೀರಿನ ಸುತ್ತಾಟ ಬರೀ ಕೂಡುತ್ತದೆ, ಯಾವುದು ಮೊದಲು ಅನ್ನುವುದನ್ನು ಮರೆಯುತ್ತದೆ. ವಿದ್ಯುತ್ಕಾಂತ ಫೀಲ್ಡ್ ಕೂಡ ಹಾಗೆಯೇ. 1959ರಲ್ಲಿ ಅಹರೊನೊವ್ ಮತ್ತು ಬೋಮ್ ಹೇಳಿದ ಪರಿಣಾಮದಲ್ಲಿ, ಕಾಂತಕ್ಷೇತ್ರವನ್ನು ಒಳಗೇ ಹಿಡಿದಿಟ್ಟ ಒಂದು ತಂತಿಯ ಸುರುಳಿಯನ್ನು ಎಲೆಕ್ಟ್ರಾನ್ ಎಷ್ಟು ಸಲ ಸುತ್ತಿತು ಅನ್ನುವುದಷ್ಟೇ ಮುಖ್ಯ. 1980ರಲ್ಲಿ ಮೈಕೆಲ್ ಬೆರಿ ಮತ್ತು ಜೊತೆಗಾರರು ನೀರಿನ ಸುಳಿಯ ಮೇಲೆ ಅಲೆ ಹಾಯಿಸಿ ಇದನ್ನೇ ಕಣ್ಣಿಗೆ ಕಾಣುವ ಹಾಗೆ ಮಾಡಿದರು. ಆದರೆ 1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಬರೆದ ಫೀಲ್ಡ್‌ಗಳು ಬೇರೆ ಥರ. ಅವು ಸುತ್ತಿದ ಕ್ರಮವನ್ನು ನೆನಪಿಟ್ಟುಕೊಳ್ಳುತ್ತವೆ. ಪ್ರೋಟಾನಿನೊಳಗೆ ಕ್ವಾರ್ಕ್ ಅನ್ನುವ ಕಣಗಳನ್ನು ಹಿಡಿದಿಟ್ಟಿರುವುದು ಅಂಥ ಫೀಲ್ಡ್. ಒಂದೇ ಮರ, ಆದರೆ ಯಾರು ನೋಡುತ್ತಾರೆ ಅನ್ನುವುದರ ಮೇಲೆ ಅದು ಕಾಣುತ್ತದೆ ಅಥವಾ ಕಾಣುವುದಿಲ್ಲ. ಮೂರು ವಿಷಯಗಳನ್ನು ಒಬ್ಬರೇ ಯಾಕೆ ಓದಬೇಕು ಅನ್ನುವವರಿಗೆ ನಾನು ಮೊದಲು ತೋರಿಸುವುದು ಈ ಕೀಲ್, ಚುಕ್ಕಾಣಿ, ಮರ.

ಇನ್ನೂ ಬಗೆಹರಿಯದೆ ಉಳಿದಿರುವುದು ಉಜ್ಜಾಟ. ಇವತ್ತಿಗೂ ದೋಣಿಯ ಮಾದರಿಯಿಂದ ನಿಜವಾದ ದೋಣಿಗೆ ಹೋಗುವಾಗ ಬಳಸುವುದು 1957ರಲ್ಲಿ ಜಗತ್ತಿನ ತೊಟ್ಟಿಗಳವರೆಲ್ಲ ಸೇರಿ ಒಪ್ಪಿಕೊಂಡ ಒಂದು ಸೂತ್ರ. ಅದರಲ್ಲಿ 0.075 ಅನ್ನುವ ಒಂದು ಸಂಖ್ಯೆ ಇದೆ, ಒಂದು ಲಾಗರಿದಮ್ ಇದೆ. ಆ 0.075 ಮೂಲ ನಿಯಮಗಳಿಂದ ಬಂದದ್ದಲ್ಲ, ಅಳತೆಗಳಿಗೆ ಹೊಂದಿಸಿ ಒಪ್ಪಿಕೊಂಡದ್ದು. ಒಡಲಿನ ಪಕ್ಕದ ತೆಳು ಪದರದಲ್ಲಿ ನೀರು ಸುಳಿ ಸುಳಿಯಾಗಿ ಒಡೆಯುತ್ತದೆ, ದೊಡ್ಡ ಸುಳಿ ಚಿಕ್ಕದಕ್ಕೆ, ಅದು ಇನ್ನೂ ಚಿಕ್ಕದಕ್ಕೆ ಶಕ್ತಿ ದಾಟಿಸುತ್ತಾ ಹೋಗುತ್ತದೆ. ಅಳತೆಯಿಂದ ಅಳತೆಗೆ ಇಳಿಯುವ ಈ ಮೆಟ್ಟಿಲುಗಳನ್ನು ನೋಡಿದರೆ ವಿಲ್ಸನ್‌ನ ವಿಧಾನಕ್ಕೆಂದೇ ಮಾಡಿಟ್ಟ ಹಾಗಿದೆ. ಆ ದಾರಿಯಲ್ಲಿ ಬಹಳ ಜನ ಪ್ರಯತ್ನಪಟ್ಟಿದ್ದಾರೆ, ಆದರೂ ಪೂರ್ತಿ ಒಪ್ಪುವಂಥ ಲೆಕ್ಕ ಇನ್ನೂ ಸಿಕ್ಕಿಲ್ಲ. ಫೀಲ್ಡ್ ಥಿಯರಿ ಓದುತ್ತಿರುವ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಆ 1957ರ ಸೂತ್ರವನ್ನು ಒಮ್ಮೆ ತೆಗೆದು ನೋಡಿ. ಅದನ್ನು ಮೂಲ ನಿಯಮಗಳಿಂದ ಹೇಗೆ ತರಬಹುದು ಅಂತ ನಾನು ಈಗ ಯೋಚಿಸುತ್ತಿದ್ದೇನೆ, ಜೊತೆಗೆ ಯೋಚಿಸುವವರು ಬೇಕು.